ಚಾವಿ ಕ್ಯಾಮೆರಾ, ಅಪ್ಪನ ಅಂಗಡಿ ಮತ್ತು 200 ಸೆಕೆಂಡ್

“ಇದರಲ್ಲಿ ಎಷ್ಟು ಹೊತ್ತು ತೆಗೀಬಹುದು?” ಅಂತ ಅಪ್ಪ ಕೇಳಿದ.

“ಮೂರು ನಿಮಿಷ ಇಪ್ಪತ್ತು ಸೆಕೆಂಡ್.”

“ಆಮೇಲೆ?”

“ಆಮೇಲೆ ರೀಲು ಮುಗೀತು.”

“ಎಲ್ಲಾ ಸೇರಿ ಎಷ್ಟಾಯ್ತು?”

“ಹತ್ತೂವರೆ ಸಾವಿರ. ನಾಲ್ಕು ಜನ ಹಂಚ್ಕೊಂಡಿದ್ದೀವಿ ಅಪ್ಪ” ಎಂದು ನಾನೇ ಸಮಜಾಯಿಷಿ ಸೇರಿಸಿದೆ.

ಅಪ್ಪ ಏನೂ ಹೇಳಲಿಲ್ಲ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ಒಮ್ಮೆ ತೆಗೆದು ಒರೆಸಿ, ಮತ್ತೆ ಸಿಕ್ಕಿಸಿಕೊಂಡು ಮುಂದಿದ್ದ ವಾಚಿನ ಮೇಲೆ ಬಗ್ಗಿದ. ಅಂಗಡಿಯ ಬಾಡಿಗೆ ತಿಂಗಳಿಗೆ ಮೂರೂವರೆ ಸಾವಿರ. ಹತ್ತೂವರೆ ಸಾವಿರ ಅಂದರೆ ಎಷ್ಟು ತಿಂಗಳು ಅನ್ನುವ ಲೆಕ್ಕ ನನಗೂ ಗೊತ್ತಿತ್ತು. ನಾನು ತಂದಿಟ್ಟ ಕ್ಯಾಮೆರಾ ಓಡುತ್ತಿಲ್ಲ ಅನ್ನುವ ಸಂಗತಿಯನ್ನು ಇನ್ನೂ ಬಾಯಿಬಿಟ್ಟಿರಲಿಲ್ಲ.

ನಾನು ಬಿಇ ಮೆಕ್ಯಾನಿಕಲ್, ಐದನೇ ಸೆಮಿಸ್ಟರ್. ಅಪ್ಪನದು ತುಮಕೂರಿನಲ್ಲಿ ವಾಚ್ ರಿಪೇರಿ ಅಂಗಡಿ. ಆರಡಿ ಅಗಲ, ಎಂಟಡಿ ಉದ್ದ. ಒಂದು ಕಾಲಕ್ಕೆ ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ನಮ್ಮದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚುಗಳ ಕಥೆ 2016ರಲ್ಲಿ ಮುಗಿಯಿತು. ಕಾರ್ಖಾನೆ ಮುಚ್ಚಿದರೂ ಮಣಿಕಟ್ಟಿನ ಮೇಲಿನ ವಾಚುಗಳು ಓಡುತ್ತಿದ್ದವಲ್ಲ, ಹಾಗಾಗಿ ಅಪ್ಪನ ಅಂಗಡಿಯೂ ಓಡುತ್ತಿತ್ತು. ಆದರೆ ಕಳೆದ ವರ್ಷ ಕಟ್ಟಡದ ಮಾಲೀಕರು ಹಳೆಯದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುವುದಾಗಿ ಹೇಳಿದರು. ದಸರೆಯೊಳಗೆ ಖಾಲಿ ಮಾಡಬೇಕಿತ್ತು.

ಇದಕ್ಕೂ ನಮ್ಮ ಸಿನಿಮಾಕ್ಕೂ ಮೊದಲು ಯಾವ ಸಂಬಂಧವೂ ಇರಲಿಲ್ಲ. ಕಾಲೇಜಿನ ಫೆಸ್ಟ್‌ಗೆ ಕಿರುಚಿತ್ರ ಸ್ಪರ್ಧೆ ಇತ್ತು. “ಎಲ್ಲರೂ ಮೊಬೈಲಲ್ಲಿ ತೆಗೀತಾರೆ, ನಾವು ಫಿಲ್ಮಲ್ಲಿ ತೆಗೆಯೋಣ” ಅಂದವನು ನಮ್ಮ ಗ್ಯಾಂಗಿನ ಕ್ಯಾಮೆರಾ ಹುಚ್ಚ. ದೇವರಾಯನದುರ್ಗಕ್ಕೆ ಹೋಗಿ ಮಂಜು, ಬಂಡೆ, ಸೂರ್ಯೋದಯ ಹಿಡಿಯುವುದು ನಮ್ಮ ಪ್ಲ್ಯಾನು. ಹಾಗಾದರೆ ಯಾವ ಕ್ಯಾಮೆರಾ? ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಪಿತ್ತ ನೆತ್ತಿಗೇರುವ ಕೆಲಸ.

ಅಳತೆಗಳ ಆಟ

ಥಿಯೇಟರಿನ ಸಿನಿಮಾಕ್ಕೆ ಬಳಸುತ್ತಿದ್ದದ್ದು 35 ಎಂಎಂ ಅಗಲದ ಫಿಲ್ಮ್. ಅದು ನಮ್ಮಂಥವರ ಮಾತಲ್ಲ. ಮನೆಮಂದಿಯೂ ಸಿನಿಮಾ ತೆಗೆಯಲಿ ಎಂದು ಕೊಡಾಕ್ ಕಂಪನಿ 1923ರಲ್ಲಿ 16 ಎಂಎಂ ತಂದಿತು. ಅದು ಬೇಗ ಬೆಂಕಿ ಹತ್ತಿಕೊಳ್ಳದ ಸೇಫ್ಟಿ ಫಿಲ್ಮ್. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1932ರಲ್ಲಿ, ಖರ್ಚು ಇನ್ನೂ ಇಳಿಸಲು 8 ಎಂಎಂ ಬಂತು. ಅದರ ಉಪಾಯ ಮಜವಾಗಿದೆ. ಕ್ಯಾಮೆರಾದೊಳಗೆ ಹಾಕುವುದು 16 ಎಂಎಂ ಅಗಲದ 25 ಅಡಿ ರೀಲನ್ನೇ. ಒಂದು ಸಲ ಒಂದು ಅಂಚಿನಲ್ಲಿ ಚಿತ್ರ ತೆಗೆದು, ರೀಲು ತಿರುಗಿಸಿ ಹಾಕಿ, ಇನ್ನೊಂದು ಅಂಚಿನಲ್ಲಿ ತೆಗೆಯಬೇಕು. ಲ್ಯಾಬಿನಲ್ಲಿ ತೊಳೆದ ಮೇಲೆ ಉದ್ದಕ್ಕೆ ಸೀಳಿ ಜೋಡಿಸಿದರೆ 50 ಅಡಿ ಸಿನಿಮಾ. ನಮ್ಮಮ್ಮ ಒಂದು ಸೀರೆ ಕತ್ತರಿಸಿ ಎರಡು ಕಿಟಕಿಗೆ ಪರದೆ ಹೊಲಿದ ಹಾಗೆ!

1965ರಲ್ಲಿ ಬಂದದ್ದು ಸೂಪರ್ 8. ಅಗಲ ಅದೇ 8 ಎಂಎಂ, ಆದರೆ ಅಂಚಿನ ತೂತುಗಳನ್ನು ಚಿಕ್ಕದು ಮಾಡಿ ಚಿತ್ರಕ್ಕೆ ಹೆಚ್ಚು ಜಾಗ ಬಿಟ್ಟರು. ಫಿಲ್ಮ್ ಪ್ಲಾಸ್ಟಿಕ್ ಕಾರ್ಟ್ರಿಜ್‌ನಲ್ಲಿ ಬರುವುದರಿಂದ ಕತ್ತಲಲ್ಲಿ ತಡಕಾಡುವ ಕೆಲಸವಿಲ್ಲ. ಬಾಗಿಲು ತೆಗಿ, ಹಾಕು, ಮುಚ್ಚು. 50 ಅಡಿಗೆ 3,600 ಫ್ರೇಮ್. ಸೆಕೆಂಡಿಗೆ 18 ಫ್ರೇಮ್‌ನಂತೆ ಓಡಿಸಿದರೆ 200 ಸೆಕೆಂಡ್. 24ರಂತೆ ಓಡಿಸಿದರೆ 150 ಮಾತ್ರ.

ನಮ್ಮ ಲೆಕ್ಕಪತ್ರದ ಮಂತ್ರಿಣಿ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದಳು. 16 ಎಂಎಂ: ಚಿತ್ರ ಚೆನ್ನ, ಆದರೆ 100 ಅಡಿ ರೀಲು ಮೂರು ನಿಮಿಷವೂ ಬರುವುದಿಲ್ಲ, ಕ್ಯಾಮೆರಾದ ಬೆಲೆಯೂ ಆಕಾಶದಲ್ಲಿ. ಹಳೆಯ 8 ಎಂಎಂ: ಕ್ಯಾಮೆರಾ ಅಗ್ಗ, ಗಟ್ಟಿಮುಟ್ಟು, ಆದರೆ ಫಿಲ್ಮ್ ಹುಡುಕುವುದು ಕಷ್ಟ. ಸೂಪರ್ 8: ಫಿಲ್ಮ್ ಇವತ್ತಿಗೂ ತಯಾರಾಗುತ್ತದೆ. ಹೊಸ ಕ್ಯಾಮೆರಾನೇ ಕೊಂಡರೆ? ಕೊಡಾಕ್ 2023ರ ಕೊನೆಗೆ ಹೊಸ ಸೂಪರ್ 8 ಕ್ಯಾಮೆರಾವನ್ನು ಮಾರಾಟಕ್ಕೆ ಬಿಟ್ಟಿತು, ಬೆಲೆ 5,495 ಡಾಲರ್. ಮಂತ್ರಿಣಿ ಆ ಪುಟವನ್ನೇ ಮಡಚಿಟ್ಟಳು.

ಹಳೆ ಕ್ಯಾಮೆರಾ ಕೊಳ್ಳಬೇಕೆಂದಿರುವವರಿಗೆ ನಮ್ಮ ಮೊದಲ ಪಾಠ ಇದೇ. ಎಲ್ಲರೂ ಲೆನ್ಸ್, ಜೂಮ್ ಎಂದು ಶುರುಮಾಡುತ್ತಾರೆ. ಶುರು ಮಾಡಬೇಕಾದದ್ದು ಫಿಲ್ಮಿನಿಂದ. ಯಾವ ಫಿಲ್ಮ್ ಸಿಗುತ್ತದೆ, ಯಾರು ತೊಳೆದು ಕೊಡುತ್ತಾರೆ, ತೊಳೆದದ್ದನ್ನು ನೋಡುವುದು ಹೇಗೆ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಕ್ಯಾಮೆರಾದ ಮಾತು.

ಭಾನುವಾರದ ಬೇಟೆ

ಮೂರು ಭಾನುವಾರ ಬೆಂಗಳೂರಿನ ಹಳೆ ಸಾಮಾನಿನ ಬಜಾರು ಸುತ್ತಿದೆವು. ಮೊದಲು ಕಂಡದ್ದು ಜಪಾನಿನ ಒಂದು ಸೂಪರ್ 8. ಕೈಯಲ್ಲಿ ಹಿಡಿದರೆ ಪಿಸ್ತೂಲಿನ ಹಾಗೆ ಗತ್ತು. ಹಿಡಿಕೆಯೊಳಗಿನ ಬ್ಯಾಟರಿ ಡಬ್ಬಿ ತೆರೆದರೆ ಹಸಿರು ಕಿಲುಬು, ಯಾವ ಕಾಲದ್ದೋ ಸೆಲ್ ಒಳಗೇ ಸೋರಿ ಹೋಗಿತ್ತು. ಎರಡನೆಯದರ ಲೆನ್ಸನ್ನು ಬಿಸಿಲಿಗೆ ಹಿಡಿದರೆ ಒಳಗೆ ಜೇಡರ ಬಲೆಯಂಥ ಎಳೆಗಳು. ಅದು ಬೂಷ್ಟು, ನಮ್ಮ ಮಳೆಗಾಲ ಲೆನ್ಸಿಗೆ ಕೊಡುವ ಉಡುಗೊರೆ. ಮೂರನೆಯದು ಓಡುತ್ತಿತ್ತು, ಆದರೆ ಬೆಳಕಿನ ಮೀಟರು ಸತ್ತಿತ್ತು.

ಈ ಮೀಟರಿನದೇ ಒಂದು ಕಥೆ. ಆ ಕಾಲದ ಎಷ್ಟೋ ಮೀಟರುಗಳು 1.35 ವೋಲ್ಟಿನ ಪಾದರಸದ ಗುಂಡಿ ಸೆಲ್‌ಗಾಗಿ ತಯಾರಾದವು. ಪಾದರಸ ವಿಷ ಎಂದು ಆ ಸೆಲ್‌ಗಳೇ ಮಾರುಕಟ್ಟೆಯಿಂದ ಹೋದವು. ಈಗಿನ 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರು ತಪ್ಪು ಲೆಕ್ಕ ಹೇಳುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ ಜಿಂಕ್-ಏರ್ ಸೆಲ್ ಸುಮಾರು 1.4 ವೋಲ್ಟ್ ಕೊಡುವುದರಿಂದ ಬಲ್ಲವರು ಅದನ್ನು ಹಾಕುತ್ತಾರೆ. ಇಷ್ಟೆಲ್ಲ ತಲೆಬಿಸಿ ಯಾಕೆ, ಬೆಳಕನ್ನು ಮೊಬೈಲ್ ಆ್ಯಪ್‌ನಲ್ಲಿ ಅಳೆದು ಲೆನ್ಸನ್ನು ಕೈಯಲ್ಲೇ ಹೊಂದಿಸಿದರಾಯಿತು ಎಂದು ನಾವು ಮೀಟರಿನ ಆಸೆ ಬಿಟ್ಟೆವು. ಹಾಗಾಗಿ ನಮಗೆ ಬೇಕಾದದ್ದು ಕೈಯಿಂದ ಹೊಂದಿಸಲು ಬರುವ ಲೆನ್ಸ್. ಎಷ್ಟೋ ಸೂಪರ್ 8 ಕ್ಯಾಮೆರಾಗಳಲ್ಲಿ ಅದೇ ಇರುವುದಿಲ್ಲ.

ಮೂರನೇ ಭಾನುವಾರ ಟಾರ್ಪಾಲಿನ ಮೇಲೆ, ಹಿತ್ತಾಳೆ ನಲ್ಲಿಗಳ ಪಕ್ಕ, ಇದು ಕೂತಿತ್ತು. ಸೋವಿಯತ್ ಕಾಲದ ಸೂಪರ್ 8. ಸುತ್ತಿಗೆಯಂತೆ ಭಾರ. ಓಡಿಸಲು ಬ್ಯಾಟರಿ ಬೇಡ, ಪಕ್ಕದಲ್ಲಿ ಚಾವಿ. ಸೂಪರ್ 8 ಕ್ಯಾಮೆರಾಗಳು ಹೆಚ್ಚಾಗಿ ಬ್ಯಾಟರಿ ಮೋಟರಿನವು, ಚಾವಿಯವು ಅಪರೂಪ. ಫಿಲ್ಮ್ ಸಿಗುವ ಅಳತೆ, ಕೆಟ್ಟರೆ ಕಣ್ಣಿಗೆ ಕಾಣುವ ಯಂತ್ರ, ಕೈಯಿಂದ ಹೊಂದಿಸುವ ಲೆನ್ಸ್. ಎಂಟು ಸಾವಿರ ಅಂದವರು ಆರಕ್ಕೆ ಇಳಿದರು. ಚಾವಿ ಕೊಟ್ಟು ಗುಂಡಿ ಒತ್ತಿದಾಗ ‘ಗರ್ರ್’ ಎಂದಿತು. ನಾವು ಕುಣಿದಾಡಿದೆವು.

ಮನೆಗೆ ಬಂದು ಒತ್ತಿದರೆ ‘ಗರ್ರ್’ ಅಲ್ಲ, ‘ಗೊರ್... ಗೊರ್...’ ಎಂದು ಎಮ್ಮೆ ಮೆಲುಕು ಹಾಕಿದ ಹಾಗೆ. ಹಿಂದಿನ ಬಾಗಿಲು ತೆರೆದು, ಫಿಲ್ಮ್ ಎಳೆಯುವ ಕೊಂಡಿಯನ್ನು ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್‌ನಂತೆ ತೆಗೆದೆ. ಕೊಂಡಿ ಹತ್ತು ಸಲ ಎಳೆಯುವಷ್ಟರಲ್ಲಿ ಮೊಬೈಲಿನ 160 ಫ್ರೇಮ್ ಕಳೆದಿದ್ದವು. ಅಂದರೆ ಸೆಕೆಂಡಿಗೆ 15. ಮರುದಿನ ಒತ್ತಿದರೆ ಅದೂ ಇಲ್ಲ, ಪೂರ್ತಿ ಸ್ತಬ್ಧ. ಆ ಹೊತ್ತಿಗೆ ನಾಲ್ಕು ಸಾವಿರದ ಇನ್ನೂರು ಕೊಟ್ಟು ತರಿಸಿದ ಕಪ್ಪು-ಬಿಳುಪು ಕಾರ್ಟ್ರಿಜ್ ನಮ್ಮ ಫ್ರಿಜ್‌ನಲ್ಲಿ, ಅಮ್ಮನ ಕೊತ್ತಂಬರಿ ಸೊಪ್ಪಿನ ಪಕ್ಕ ಕೂತಾಗಿತ್ತು.

ಏಳು ಮಾರ್ಕಿನ ಗವರ್ನರ್

“ಓಡ್ತಿಲ್ಲ ಅಪ್ಪ” ಎಂದು ಕೊನೆಗೂ ಹೇಳಿದೆ.

ಅಪ್ಪ ಕೈಯಲ್ಲಿದ್ದ ವಾಚನ್ನು ಗಾಜಿನ ಬಟ್ಟಲಿನಡಿ ಮುಚ್ಚಿಟ್ಟ. ಕ್ಯಾಮೆರಾ ಎತ್ತಿ ಕಿವಿಗೆ ಹಿಡಿದ. ಚಾವಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕಿವಿಗೆ. “ಸ್ಪ್ರಿಂಗ್ ಸರಿಯಿದೆ ಪುಟ್ಟಿ. ಗ್ರೀಸ್ ಗಟ್ಟಿಯಾಗಿದೆ. ಎಷ್ಟು ವರ್ಷದ್ದು ಇದು?”

“ಐವತ್ತು ಆಗಿರಬಹುದು.”

“ಐವತ್ತು ವರ್ಷ ಯಾರೂ ಸರ್ವಿಸ್ ಮಾಡಿಸ್ದೆ ಇದ್ರೆ ನಾನೂ ಓಡಲ್ಲ.”

ಅಂದು ರಾತ್ರಿ ಶಟರ್ ಅರ್ಧ ಎಳೆದು ಕೂತೆವು. ಅಪ್ಪ ಮೊದಲು ಮಾಡಿದ್ದು ಸ್ಪ್ರಿಂಗಿನ ಬಿಗಿಯನ್ನು ಪೂರ್ತಿ ಬಿಡಿಸಿದ್ದು. “ಬಿಗಿ ಇರೋವಾಗ ಬಿಚ್ಚಿದ್ರೆ ಬೆರಳು ಹೋಗ್ತದೆ” ಎಂದ. ಆಮೇಲೆ ಒಂದೊಂದೇ ಸ್ಕ್ರೂ ತೆಗೆದು ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟ. ಹಲ್ಲುಗಾಲಿಗಳ ಮೇಲಿನ ಗ್ರೀಸ್ ಹಳೆ ಬೆಲ್ಲದ ಪಾಕದಂತೆ ಕಂದಾಗಿತ್ತು. ಒಳಗೆ, ಬಟಾಣಿ ಕಾಳಿಗಿಂತ ಚಿಕ್ಕ ಎರಡು ತೂಕಗಳಿದ್ದ ಒಂದು ಪುಟ್ಟ ಚಕ್ರವನ್ನು ಚಿಮುಟದಲ್ಲಿ ಎತ್ತಿ ಹಿಡಿದು ಕೇಳಿದ: “ಇದೇನು ಹೇಳು ನೋಡೋಣ?”

ನನಗೆ ಗೊತ್ತಾಗಲಿಲ್ಲ.

“ಸ್ಪ್ರಿಂಗು ಪೂರ್ತಿ ಸುತ್ತಿದಾಗ ಬಲ ಜಾಸ್ತಿ, ಬಿಚ್ಕೊಂಡ ಹಾಗೆ ಕಮ್ಮಿ. ಆದ್ರೂ ಒಂದೇ ವೇಗದಲ್ಲಿ ಓಡ್ಬೇಕಲ್ಲ? ಜೋರಾಗಿ ತಿರುಗಿದ್ರೆ ಈ ತೂಕ ಹೊರಕ್ಕೆ ಚಾಚ್ತದೆ, ಈ ತಟ್ಟೆನ ತಳ್ಳಿ ಉಜ್ಜಿಸ್ತದೆ, ವೇಗ ಇಳೀತದೆ. ವಾಚಲ್ಲಿ ಬ್ಯಾಲೆನ್ಸ್ ಮಾಡೋ ಕೆಲಸನ ಇಲ್ಲಿ ಇದು ಮಾಡ್ತದೆ.”

ಸೆಂಟ್ರಿಫ್ಯೂಗಲ್ ಗವರ್ನರ್! ವಾಟ್ ಗವರ್ನರ್, ಪೋರ್ಟರ್ ಗವರ್ನರ್ ಎಂದು ಸಮೀಕರಣಗಳನ್ನು ಬಾಯಿಪಾಠ ಮಾಡಿ ಏಳು ಮಾರ್ಕು ಗಿಟ್ಟಿಸಿದವಳು ನಾನು. ಗವರ್ನರ್ ಅಂದರೆ ಪುಸ್ತಕದಲ್ಲಿ ಎರಡು ದೊಡ್ಡ ಗುಂಡುಗಳಿರುವ ಚಿತ್ರ. ಅದು ಕಣ್ಣೆದುರು ಚಿಮುಟದ ತುದಿಯಲ್ಲಿದ್ದಾಗ ನನಗೆ ಗುರುತು ಸಿಗಲಿಲ್ಲ. ಎಸ್ಸೆಸ್ಸೆಲ್ಸಿ ಓದಿದ ಅಪ್ಪ ಅದರ ಹೆಸರು ಕೇಳಿರಲಿಲ್ಲ, ಆದರೆ ಅದರ ಕೆಲಸ ಅವನಿಗೆ ಗೊತ್ತಿತ್ತು. ಹೆಸರು ಹೇಳಿದೆ. “ಓ, ಗವರ್ನರ್ರಾ? ಹೆಸರಿಗೆ ತಕ್ಕ ಹಾಗೆ ಜಾಸ್ತಿ ಹಾರಾಡಿದ್ರೆ ಹಿಡಿಯೋದು” ಎಂದು ನಕ್ಕ. ಅಂಗಡಿ ಖಾಲಿ ಮಾಡಬೇಕೆಂದು ಹೇಳಿದ ಮೇಲೆ ಅವನು ನಕ್ಕದ್ದು ನಾನು ನೋಡಿರಲಿಲ್ಲ.

ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆದ. ಸೂಜಿಯ ತುದಿಯಲ್ಲಿ ಹನಿ ಹನಿ ಎಣ್ಣೆ ಬಿಟ್ಟ. ಎರಡು ರಾತ್ರಿಯ ಕೆಲಸ. ಮೂರನೇ ರಾತ್ರಿ ಮತ್ತೆ ಸ್ಲೋ ಮೋಷನ್‌ನಲ್ಲಿ ಅಳೆದೆ. ಹತ್ತು ಎಳೆತಕ್ಕೆ 135 ಫ್ರೇಮ್. ಸೆಕೆಂಡಿಗೆ ಸುಮಾರು 17.8. ಇರಬೇಕಾದದ್ದು 18. “ಇನ್ನೂ ಸ್ವಲ್ಪ ಹಿಂದಿದೆ” ಎಂದು ಅಪ್ಪನಿಗೆ ಅಸಮಾಧಾನ.

ಅವನಿಗೆ ಝಪ್ರೂಡರ್ ಕಥೆ ಹೇಳಿದೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದಾಗ, ಸಿದ್ಧ ಉಡುಪಿನ ವ್ಯಾಪಾರಿ ಅಬ್ರಹಾಂ ಝಪ್ರೂಡರ್ ತಮ್ಮ 8 ಎಂಎಂ ಕ್ಯಾಮೆರಾದಲ್ಲಿ ಮೆರವಣಿಗೆ ತೆಗೆಯುತ್ತಿದ್ದರು. ಅದೂ ಚಾವಿ ಕ್ಯಾಮೆರಾ. ಸಿಕ್ಕದ್ದು 486 ಫ್ರೇಮ್, 26 ಸೆಕೆಂಡಿನ ಆಸುಪಾಸು. ತನಿಖೆ ಮಾಡಿದವರು ಆ ಕ್ಯಾಮೆರಾ ಸೆಕೆಂಡಿಗೆ 18.3 ಫ್ರೇಮ್ ಓಡುತ್ತದೆ ಎಂದು ಅಳೆದರು. ಫ್ರೇಮ್ ಎಣಿಸಿ, ಘಟನೆಗಳ ನಡುವೆ ಎಷ್ಟು ಹೊತ್ತು ಕಳೆಯಿತು ಎಂದು ಲೆಕ್ಕ ಹಾಕಿದರು.

ಅಪ್ಪ ಕೇಳಿಸಿಕೊಂಡು, “ಅಂದ್ರೆ ಇದೂ ಒಂದು ಗಡಿಯಾರನೇ” ಎಂದ.

ಆ ರಾತ್ರಿ ಗ್ಯಾಂಗಿಗೆ ಮೆಸೇಜ್ ಹಾಕಿದೆ: “ದೇವರಾಯನದುರ್ಗ ಬೇಡ. ಅಪ್ಪನ ಅಂಗಡಿ ತೆಗೆಯೋಣ.”

ಎಂಟು ಚಾವಿ

ನಮ್ಮ ಕ್ಯಾಮೆರಾ ಒಂದು ಪೂರ್ತಿ ಚಾವಿಗೆ 25 ಸೆಕೆಂಡ್ ಚೆನ್ನಾಗಿ ಓಡುತ್ತಿತ್ತು. 200 ಸೆಕೆಂಡ್ ಅಂದರೆ ಎಂಟು ಚಾವಿ, ಎಂಟು ದೃಶ್ಯ. ಮೊಬೈಲ್ ಆಗಿದ್ದರೆ ಎರಡು ಗಂಟೆ ತೆಗೆದು ಆಮೇಲೆ ಯೋಚಿಸುತ್ತಿದ್ದೆವು. ಇಲ್ಲಿ ಯೋಚನೆ ಮೊದಲು. ಒಂದು ವಾರ ನಾನು ಅಂಗಡಿಯಲ್ಲಿ ಸುಮ್ಮನೆ ಕೂತು ನೋಡಿದೆ. ಇಪ್ಪತ್ತು ವರ್ಷ ದಿನಾ ನೋಡಿದ ಜಾಗದಲ್ಲಿ, ಅಪ್ಪ ಶಟರ್ ಎತ್ತಿದ ಕೂಡಲೇ ದೀಪ ಹಚ್ಚುವ ಮೊದಲು ಒಂದು ಗಳಿಗೆ ನಿಂತು ಎಲ್ಲ ಗಡಿಯಾರಗಳ ಸದ್ದು ಕೇಳಿಸಿಕೊಳ್ಳುತ್ತಾನೆ ಎಂಬುದು ಆಗಲೇ ಗೊತ್ತಾದದ್ದು. ಕೆಳಗಿನ ಡ್ರಾಯರಿನಲ್ಲಿ ರಿಪೇರಿಗೆ ಕೊಟ್ಟು ವಾಪಸ್ ಬಾರದವರ ವಾಚುಗಳಿದ್ದವು, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಖಾಲಿ ಮಾಡುವುದರೊಳಗೆ ಅವನ್ನು ಮುಟ್ಟಿಸಬೇಕೆಂದು ಅಪ್ಪ ಸಂಜೆ ಹೊತ್ತು ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತಿದ್ದ. ಎಷ್ಟೋ ನಂಬರುಗಳು ಇರಲೇ ಇಲ್ಲ.

ಬೆಳಕಿನ ತಾಪತ್ರಯ ಬೇರೆ. ಹಳೆ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನೂರನ್ನು ಹದಿನೆಂಟರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲವಲ್ಲ, ಅದಕ್ಕೇ ಫಿಲ್ಮಿನಲ್ಲಿ ಬೆಳಕು ನಡುಗಿದ ಹಾಗೆ ಕಾಣುವ ಅಪಾಯ. ಟ್ಯೂಬ್‌ಲೈಟ್ ಆರಿಸಿದೆವು. ಅಂಗಡಿ ಪೂರ್ವಕ್ಕೆ ಮುಖ. ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಅಪ್ಪನ ಟೇಬಲ್ಲಿನವರೆಗೂ ಬಿಸಿಲು ಬರುತ್ತಿತ್ತು. ಆ ಒಂದು ಗಂಟೆಯೇ ನಮ್ಮ ಶೂಟಿಂಗ್.

ಶಟರ್ ಎತ್ತಿದ್ದು, ಕೈಗಳು, ಗೋಡೆಯ ಗಡಿಯಾರಗಳು, ಡ್ರಾಯರಿನ ಚೀಟಿಗಳು... ಎಂಟನೇ ಚಾವಿ ಮುಗಿದು ‘ಟಕ್’ ಎಂದು ನಿಂತಿತು. ಬೆನ್ನಿಗೇ ಒಬ್ಬ ಅಜ್ಜ ಬಂದರು. ಅಪ್ಪನ ಫೋನ್ ಮುಟ್ಟಿದವರಲ್ಲಿ ಒಬ್ಬರು. ಅಪ್ಪ ಚೀಟಿ ನೋಡಿ ಒಂದು ಎಚ್‌ಎಂಟಿ ತೆಗೆದುಕೊಟ್ಟ. ಅಜ್ಜ ಚಾವಿ ಕೊಟ್ಟು ಕಿವಿಗೆ ಹಿಡಿದರು, ಬಹಳ ಹೊತ್ತು. “ನಮ್ಮ ಅಣ್ಣಂದು” ಎಂದರು. ದುಡ್ಡು ಕೊಡಲು ಹೋದರೆ ಅಪ್ಪ ಬೇಡ ಎಂದ. ಅವರು ವಾಚು ಕಟ್ಟಿಕೊಂಡು ಇಳಿದು ಹೋದರು. ರೀಲು ಮುಗಿದಿತ್ತು. ನಾಲ್ವರ ಜೇಬಿನಲ್ಲೂ ಮೊಬೈಲ್ ಇತ್ತು. ಯಾರಿಗೂ ತೆಗೆಯಬೇಕೆನ್ನಿಸಲಿಲ್ಲ.

ಕಾಫಿಯಲ್ಲಿ ಅದ್ದಿದ ಸಿನಿಮಾ

ಲ್ಯಾಬಿಗೆ ಕಳಿಸಲು ದುಡ್ಡಿರಲಿಲ್ಲ. ಕಪ್ಪು-ಬಿಳುಪು ಫಿಲ್ಮನ್ನು ಕಾಫಿಯಲ್ಲಿ ತೊಳೆಯಬಹುದು! ಇದಕ್ಕೆ ಕ್ಯಾಫಿನಾಲ್ ಎಂದು ಹೆಸರು. 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸ್ಕಾಟ್ ವಿಲಿಯಮ್ಸ್ ಮತ್ತವರ ವಿದ್ಯಾರ್ಥಿಗಳು ಕಂಡುಕೊಂಡದ್ದು. ಇನ್‌ಸ್ಟಂಟ್ ಕಾಫಿಪುಡಿ, ವಾಷಿಂಗ್ ಸೋಡಾ, ಜೊತೆಗೆ ವಿಟಮಿನ್ ಸಿ. ಹೆಸರಿನಲ್ಲಿ ಕೆಫೀನ್ ಇದ್ದರೂ ಚಿತ್ರ ಮೂಡಿಸುವುದು ಕಾಫಿಯಲ್ಲಿರುವ ಕೆಫೀಕ್ ಆಮ್ಲ. ಮೂಡಿದ ಚಿತ್ರ ನಿಲ್ಲಿಸಲು ಹೈಪೊ ಬೇಕೇ ಬೇಕು, ಅದನ್ನು ಗೆಳೆಯನೊಬ್ಬನ ಮಾವನ ಹಳೆ ಸ್ಟುಡಿಯೊದಿಂದ ತಂದೆವು.

ಅಮಾವಾಸ್ಯೆ ಹತ್ತಿರದ ರಾತ್ರಿ, ನಮ್ಮ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಕತ್ತಲಲ್ಲಿ ಇಕ್ಕಳದಿಂದ ಕಾರ್ಟ್ರಿಜ್ ಒಡೆದೆವು. ಹದಿನೈದು ಮೀಟರ್ ಫಿಲ್ಮ್ ಬಕೆಟ್ಟಿನೊಳಗೆ ಶಾವಿಗೆಯಂತೆ ಇಳಿಯಿತು. ಒಂದಕ್ಕೊಂದು ಅಂಟಿದ ಕಡೆ ಕಲೆ, ಉಜ್ಜಿದ ಕಡೆ ಗೀರು. 200 ಸೆಕೆಂಡಿನಲ್ಲಿ ಉಳಿದದ್ದು ಸುಮಾರು 140. ಬಟ್ಟೆ ಒಣಹಾಕುವ ಹಗ್ಗಕ್ಕೆ ನೇತುಹಾಕಿ ಒಣಗಿಸಿದೆವು. ಹಳೆ ಪ್ರಿಂಟರಿನ ಮೋಟರಿಗೆ ಮೊಬೈಲ್ ಮತ್ತು ಭೂತಗನ್ನಡಿ ಜೋಡಿಸಿ ಒಂದೊಂದೇ ಫ್ರೇಮಿನ ಫೋಟೊ ತೆಗೆದು ಸಿನಿಮಾ ಮಾಡಿದ್ದು ಇನ್ನೊಂದು ಲೇಖನದ ಕಥೆ. ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಚಿತ್ರ ಸ್ಪಷ್ಟವಿಲ್ಲ ಎಂದರು, ನಿಜವೇ.

ಅಪ್ಪ ಈಗ ಮನೆಯ ಹಾಲಿನಲ್ಲೇ ಟೇಬಲ್ ಹಾಕಿಕೊಂಡಿದ್ದಾನೆ. ಡ್ರಾಯರಿನ ವಾಚುಗಳು ಅಲ್ಲೇ ಇವೆ, ಇನ್ನೂ ಹನ್ನೊಂದು ಉಳಿದಿವೆ.

ಯಾವ ಕ್ಯಾಮೆರಾ ಕೊಳ್ಳಬೇಕು ಎಂದು ಜೂನಿಯರ್‌ಗಳು ಕೇಳುತ್ತಾರೆ. ಫಿಲ್ಮ್ ಸಿಗುವುದನ್ನು, ಹತ್ತಿರದಲ್ಲಿ ರಿಪೇರಿ ಮಾಡುವವರು ಇರುವುದನ್ನು ಕೊಳ್ಳಿ ಎನ್ನುತ್ತೇನೆ. ನನ್ನ ಮಟ್ಟಿಗೆ ಆ ಹತ್ತಿರದವರು ಆರಡಿ ಅಂಗಡಿಯಲ್ಲೇ ಇದ್ದರು.

ಫಿಲ್ಮ್ ಒಣಗಿದ ಬೆಳಗ್ಗೆ ಅಪ್ಪ ಮೊದಲು ಬಂದು ನೋಡಿದ. ಪ್ರೊಜೆಕ್ಟರ್ ಬೇಕಾಗಲಿಲ್ಲ. ಆರು ಎಂಎಂ ಅಗಲ, ನಾಲ್ಕು ಎಂಎಂ ಎತ್ತರದ ಫ್ರೇಮ್, ಅವನ ಕಸುಬಿನ ಅಳತೆಯೇ ಅದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಫಿಲ್ಮಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಫ್ರೇಮ್ ಸರಿಸುತ್ತಾ ಬಹಳ ಹೊತ್ತು ನಿಂತ. ನಮ್ಮದು ನೆಗೆಟಿವ್. ಬಿಳಿ ಇದ್ದದ್ದೆಲ್ಲ ಕಪ್ಪು, ಕಪ್ಪು ಇದ್ದದ್ದು ಬಿಳಿ.

“ಹೇಗಿದೆ ಅಪ್ಪ?” ಎಂದೆ.

“ಪರವಾಗಿಲ್ಲ ಕಣೆ. ಇದರಲ್ಲಿ ನನ್ನ ಕೂದಲು ಕಪ್ಪಗಿದೆ” ಎಂದ.